ಲಿಂಗಾಂಬುಧಿ ಕೆರೆ ಪಕ್ಕದ ಟೆರೇಸಿಗೆ ಕಲರ್ ಶೀಟ್: ಹಾರಿಹೋದದ್ದು, ಹಾರದೆ ನಿಂತದ್ದು

ಟೆರೇಸಿಗೆ ಶೀಟ್ ಹಾಕಿಸಬೇಕು, ಯಾವ ಕಂಪನಿಯದು ಒಳ್ಳೆಯದು ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಕಂಪನಿ ಆಮೇಲೆ ನೋಡಿ. ಶೀಟನ್ನು ಹಿಡಿದಿರುವ ಸ್ಕ್ರೂ ಎಂಥದ್ದು, ಆ ಸ್ಕ್ರೂ ಕೂತಿರುವ ಪೈಪ್ ಎಂಥದ್ದು, ಆ ಪೈಪಿನ ಕಾಲು ಮನೆಯ ಯಾವ ಭಾಗದ ಮೇಲೆ ನಿಂತಿದೆ, ಮೊದಲು ಇಷ್ಟು ಕೇಳಿ. ಬಣ್ಣ, ವಾರಂಟಿ ಕಾರ್ಡು, ಬ್ರ್ಯಾಂಡಿನ ಹೆಸರು ಎಲ್ಲ ಅದಾದ ಮೇಲೆ.

ಒಂದೇ ಟೆರೇಸಿನ ಮೇಲೆ ಎರಡು ಚಾವಣಿ ನೋಡಿದ ಅನುಭವದಿಂದ ಹೇಳುತ್ತಿದ್ದೇನೆ. ಒಂದು ನಾವು ಮನೆ ಕೊಂಡಾಗಲೇ ಇತ್ತು. ಹೋದ ವರ್ಷ ಏಪ್ರಿಲ್ ಕೊನೆಯ ಗಾಳಿಗೆ ಹಾರಿಹೋಯಿತು. ಇನ್ನೊಂದು ಅದಾದ ಮೇಲೆ ಹಾಕಿಸಿದ್ದು. ಒಂದು ಪೂರ್ತಿ ಮಳೆಗಾಲ, ಜೊತೆಗೆ ಈ ಬೇಸಿಗೆಯ ಗಾಳಿ ಎರಡನ್ನೂ ತಡೆದುಕೊಂಡು ನಿಂತಿದೆ. ಹಾಗಾಗಿ ಈಗ ಬರೆಯಬಹುದು ಅನ್ನಿಸಿತು.

ಮನೆ ಇರುವುದು ಮೈಸೂರಿನ ಲಿಂಗಾಂಬುಧಿ ಕೆರೆ ಹತ್ತಿರ. ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ಕಟ್ಟಿಸಿದ ಕೆರೆ. ಬೆಳಗ್ಗೆ ವಾಕಿಂಗ್ ಬರುವವರು, ಹಕ್ಕಿ ನೋಡುವವರು, ದೊಡ್ಡ ಕ್ಯಾಮೆರಾ ಹೊತ್ತ ಹುಡುಗರು, ಎಲ್ಲ ಚೆನ್ನಾಗಿದೆ. ಕೆರೆ ಕಾಣುತ್ತದೆ ಅಂತ ಸೈಟಿಗೆ ಜಾಸ್ತಿ ದುಡ್ಡು ಕೇಳುತ್ತಾರೆ. ಕೆರೆ ಕಾಣಬೇಕಾದರೆ ಮಧ್ಯೆ ಏನೂ ಅಡ್ಡ ಇರಬಾರದು, ಅಡ್ಡ ಇಲ್ಲದಿದ್ದರೆ ಗಾಳಿಯೂ ನೇರ ಮನೆಗೇ ಬರುತ್ತದೆ. ಇದನ್ನು ಮಾತ್ರ ಯಾವ ಬ್ರೋಕರೂ ಹೇಳುವುದಿಲ್ಲ.

ಅವತ್ತು ಬೆಳಗ್ಗೆಯಿಂದ ವಿಪರೀತ ಸೆಕೆ. ಸಂಜೆ ಹೊತ್ತಿಗೆ ಕೆರೆ ಆಚೆ ಕಡೆ ಮೋಡ ಕಪ್ಪಾಗಿ ನೆಲಕ್ಕೆ ಇಳಿದ ಹಾಗೆ ಕಾಣುತ್ತಿತ್ತು. ಮೊದಲು ಧೂಳು ಬಂತು, ಆಮೇಲೆ ಗಾಳಿ, ಅದರ ಹಿಂದೆ ಆಲಿಕಲ್ಲು. ಗಾಳಿಯ ಜೋರು ಐದು ನಿಮಿಷವೂ ಇರಲಿಲ್ಲವೇನೋ. ನಮ್ಮ ಮನೆಯಾಕೆ ಬಟ್ಟೆ ತೆಗೆಯಲು ಮೇಲೆ ಹೊರಟವಳು ಅರ್ಧ ಮೆಟ್ಟಿಲಿನಲ್ಲಿ ವಾಪಸ್ ಬಂದದ್ದು ಪುಣ್ಯ. ಮೇಲಿಂದ ಒಂದು ಸದ್ದು ಕೇಳಿಸಿತು, ತಗಡು ಹರಿಯುವ ಸದ್ದು, ಅದರ ಹಿಂದೆಯೇ ಇಟ್ಟಿಗೆ ಬೀಳುವ ಸದ್ದು, ಆಮೇಲೆ ಬೀದಿಯಲ್ಲಿ ಯಾರೋ ಕೂಗಿದ್ದು.

ಹೊರಗೆ ಬಂದು ನೋಡಿದರೆ ನಮ್ಮ ಶೀಟಿನ ಅರ್ಧ ಭಾಗ ಪೈಪ್ ಸಮೇತ ಎದುರು ಸಾಲಿನ ಮನೆ ಕಾಂಪೌಂಡ್ ಮೇಲೆ ಕವುಚಿಕೊಂಡಿದೆ. ಎರಡು ಶೀಟು ಅದರ ಮುಂದೆ ನಿಲ್ಲಿಸಿದ್ದ ಕಾರಿನ ಮೇಲೆ. ಒಂದು ಶೀಟು ಮೂಲೆ ಮನೆಯ ತೆಂಗಿನ ಮರಕ್ಕೆ ಸುತ್ತಿಕೊಂಡಿತ್ತು, ಅದನ್ನು ಇಳಿಸಲು ಆಮೇಲೆ ಮರ ಹತ್ತುವವನನ್ನು ಕರೆಸಬೇಕಾಯಿತು. ರಸ್ತೆ ಬದಿಯ ಗುಲ್‌ಮೊಹರ್ ಮರಗಳು ಬುಡಸಮೇತ ಮಲಗಿದ್ದವು. ಕರೆಂಟ್ ಕಂಬ ಮುರಿದು ತಂತಿ ನೀರಿನಲ್ಲಿ ಬಿದ್ದಿತ್ತು. ಒಂದು ಮನೆಯ ಖಾಲಿ ನೀರಿನ ಟ್ಯಾಂಕ್ ಪಾರ್ಕಿನಲ್ಲಿ ಸಿಕ್ಕಿತು. ಸೋಲಾರ್ ಗೀಸರಿನ ಗಾಜಿನ ಕೊಳವೆ ಎಷ್ಟು ಮನೆಯದು ಒಡೆದಿತ್ತೋ ಲೆಕ್ಕ ಇಟ್ಟವರಿಲ್ಲ. ಯಾರಿಗೂ ದೊಡ್ಡ ಏಟಾಗಲಿಲ್ಲ. ಅರ್ಧ ಮಿಲಿಮೀಟರ್ ದಪ್ಪದ ತಗಡು ಆ ವೇಗದಲ್ಲಿ ಬಂದರೆ ಅದು ಕತ್ತಿಯೇ, ಅಷ್ಟು ನೆನಪಿಡಿ.

ಬೀದಿಯವರೆಲ್ಲ ಸುಂಟರಗಾಳಿ ಬಂತು ಸುಂಟರಗಾಳಿ ಬಂತು ಅಂದರು. ಪಕ್ಕದ ಮನೆ ಮೇಷ್ಟ್ರು, ರಿಟೈರ್ಡ್ ಫಿಸಿಕ್ಸ್ ಮೇಷ್ಟ್ರು, ಮಾರನೆ ದಿನ ಪಂಚೆ ಎತ್ತಿ ಕಟ್ಟಿಕೊಂಡು ಬಿದ್ದ ಮರಗಳನ್ನೆಲ್ಲ ನೋಡಿ ಬಂದು ಅಲ್ಲ ಕಣ್ರೀ ಅಂದರು. ಮರ, ಕಂಬ, ಶೀಟು ಎಲ್ಲ ಒಂದೇ ಕಡೆಗೆ, ಕೆರೆಗೆ ಬೆನ್ನು ಹಾಕಿ ಬಿದ್ದಿದ್ದವು. ಗಾಳಿ ತಿರುಗುತ್ತ ಹೋಗಿದ್ದರೆ ಒಂದು ಕಿರಿದಾದ ಪಟ್ಟೆಯಲ್ಲಿ ಒಂದೊಂದು ಒಂದೊಂದು ದಿಕ್ಕಿಗೆ ಬೀಳುತ್ತವೆ. ಇದು ಗುಡುಗು ಮೋಡದಿಂದ ತಣ್ಣನೆ ಗಾಳಿ ಒಟ್ಟಿಗೆ ಕೆಳಗೆ ಸುರಿದು ನೆಲಕ್ಕೆ ಬಡಿದು ಹರಡಿದ್ದು. ಹೀಗೆ ಬಿದ್ದ ಮರಗಳ ದಿಕ್ಕು ನೋಡಿಯೇ 1970ರ ದಶಕದಲ್ಲಿ ಟೆಡ್ ಫುಜಿಟಾ ಅನ್ನುವ ಜಪಾನ್ ಮೂಲದ ವಿಜ್ಞಾನಿ ಅಮೆರಿಕದಲ್ಲಿ ಈ ಎರಡರ ವ್ಯತ್ಯಾಸ ತೋರಿಸಿದರಂತೆ. ಟಾರ್ನೆಡೋ, ಅಂದರೆ ಸುಂಟರಗಾಳಿ, ಅಳೆಯುವ ಎಫ್ ಸ್ಕೇಲಿನಲ್ಲಿರುವ ಎಫ್ ಅವರ ಹೆಸರಿನದ್ದೇ.

ನಿಜವಾದ ಟಾರ್ನೆಡೋ ಕೆರೆ ಪಕ್ಕದ ಊರಿಗೆ ಬಂದರೆ ಹೇಗಿರುತ್ತದೆ ಅಂತ ಆಮೇಲೆ ಸುಮ್ನೆ ಕುತೂಹಲಕ್ಕೆ ಓದಿದೆ. ಕೆನಡಾದ ಆಲ್ಬರ್ಟಾದಲ್ಲಿ ಪೈನ್ ಲೇಕ್ ಅಂತ ಒಂದು ಸರೋವರ. 2000ದ ಜುಲೈ 14ರ ಸಂಜೆ ಅದರ ದಡದಲ್ಲಿ ಜನ ಟೆಂಟು, ಗಾಡಿಮನೆಗಳಲ್ಲಿ ರಜಾ ಕಳೆಯುತ್ತಿದ್ದ ಜಾಗಕ್ಕೇ ಟಾರ್ನೆಡೋ ನುಗ್ಗಿತು. 12 ಜನ ಸತ್ತರು, ನೂರಕ್ಕೂ ಹೆಚ್ಚು ಜನರಿಗೆ ಗಾಯ. ಎಫ್3 ದರ್ಜೆಯದು, ಗಾಳಿ ಗಂಟೆಗೆ 300 ಕಿ.ಮೀ. ಮುಟ್ಟಿತ್ತು ಅಂತ ಲೆಕ್ಕ. ಅದೇ ದೇಶದ ಒಂಟಾರಿಯೋದಲ್ಲಿ ಗಾಡ್ರಿಚ್ ಅಂತ ಊರು, ಹ್ಯೂರಾನ್ ಸರೋವರದ ದಡದಲ್ಲಿದೆ. 2011ರ ಆಗಸ್ಟ್ 21ರಂದು ನೀರಿನ ಮೇಲೆ ಹುಟ್ಟಿದ ಸುಳಿ ದಡ ಹತ್ತಿ ಊರಿನ ನಡುವೆಯೇ ಹಾದು ಹೋಯಿತು. ಅದೂ ಎಫ್3. ಒಬ್ಬರು ಸತ್ತರು, ಹಳೆಯ ಪೇಟೆ ಹಾಳಾಯಿತು. ಪೈನ್ ಲೇಕ್‌ನಲ್ಲಿ ಅಷ್ಟು ಸಾವಾಗಲು ದೊಡ್ಡ ಕಾರಣ ಜನ ಇದ್ದದ್ದು ತಳಪಾಯ ಇಲ್ಲದ ಗಾಡಿ, ಟೆಂಟುಗಳಲ್ಲಿ. ನಮ್ಮ ಹಳೆ ಚಾವಣಿಯ ಕಥೆಯೂ ತಳದ್ದೇ.

ಈಗ ಸ್ವಲ್ಪ ಲೆಕ್ಕ, ಬೇಜಾರಾದರೆ ಒಂದು ಪ್ಯಾರಾ ಬಿಟ್ಟು ಮುಂದೆ ಹೋಗಿ. ಕಟ್ಟಡಗಳ ಮೇಲೆ ಗಾಳಿಯ ಹೊರೆಗೆ ನಮ್ಮಲ್ಲಿ ಐಎಸ್ 875 ಅಂತ ಕೋಡ್ ಇದೆ, ಅದರ 3ನೇ ಭಾಗ. ಅದರಲ್ಲಿ ಮೈಸೂರಿಗೆ ಕೊಟ್ಟಿರುವ ಮೂಲ ವೇಗ (ಲೆಕ್ಕಕ್ಕೆ ಹಿಡಿಯಬೇಕಾದ ಗಾಳಿಯ ವೇಗ) ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿ.ಮೀ. ದೇಶದಲ್ಲೇ ಅತಿ ಕಡಿಮೆ ದರ್ಜೆ ಇದು. ಮಂಗಳೂರಿಗೆ 39. ಕಡಿಮೆ ಅಂತ ಸಮಾಧಾನ ಪಡಬೇಡಿ. ಆ ವೇಗದ ಗಾಳಿಯ ಒತ್ತಡ ಒಂದು ಚದರ ಮೀಟರಿಗೆ ಸುಮಾರು 66 ಕೆಜಿ ಬರುತ್ತದೆ, ಚದರಡಿಗೆ ಆರು ಕೆಜಿ ಚಿಲ್ಲರೆ. ನಮ್ಮದು 600 ಚದರಡಿ ಚಾವಣಿ. ಗಾಳಿ ಮೇಲಕ್ಕೆ ಎತ್ತುವ ಬಲ ಮೂರೂವರೆ ಟನ್ ದಾಟುತ್ತದೆ. ಶೀಟಿನ ತೂಕವೋ ಕಾಲು ಟನ್ ಆಸುಪಾಸು, ಪೈಪ್ ಎಲ್ಲ ಸೇರಿದರೂ ಒಂದು ಟನ್ ಮುಟ್ಟುವುದು ಕಷ್ಟ. ಉಳಿದದ್ದನ್ನು ಬೋಲ್ಟು ಹಿಡಿಯಬೇಕು. ಬೋಲ್ಟು ಹಿಡಿದಿರುವ ಸಿಮೆಂಟು ಹಿಡಿಯಬೇಕು. ಅದರ ಮೇಲೆ ಕೆರೆ, ಬಯಲು ಎದುರಿಗಿದ್ದರೆ ಮನೆಗಳು ಒತ್ತೊತ್ತಾಗಿರುವ ಬೀದಿಗಿಂತ ಒತ್ತಡ ಹೆಚ್ಚುಕಡಿಮೆ ಶೇ. 20 ಜಾಸ್ತಿ. ಅಂಚು ಮೂಲೆಗಳಲ್ಲಿ ಇನ್ನೂ ಜಾಸ್ತಿ. ಟಾರ್ನೆಡೋ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ, ಕೋಡಿನಲ್ಲೇ ಸೇರಿಸಿಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಅಣುಸ್ಥಾವರದಂಥ ಕಟ್ಟಡಕ್ಕೆ ಮಾತ್ರ ಅದನ್ನು ನೋಡುತ್ತಾರೆ. ಬಟ್ಟೆ ಒಣಗಿಸುವ ಶೀಟಿಗೆ ಯಾರೂ ನೋಡುವುದಿಲ್ಲ, ನೋಡಬೇಕಾಗಿಯೂ ಇಲ್ಲ.

ಇದೆಲ್ಲ ನನಗೆ ಹೇಳಿಕೊಟ್ಟವರು ಮೇಷ್ಟ್ರು. ಆದರೆ ಹಳೆ ಚಾವಣಿ ಯಾಕೆ ಹೋಯಿತು ಅಂತ ಕೈ ತೋರಿಸಿ ಹೇಳಿದವನು ವೆಲ್ಡರ್. ಮಂಡ್ಯ ಕಡೆಯವನು, ಹೆಬ್ಬಾಳದ ಇಂಡಸ್ಟ್ರಿಯಲ್ ಏರಿಯಾ ಹತ್ತಿರ ಸಣ್ಣ ಫ್ಯಾಬ್ರಿಕೇಶನ್ ಅಂಗಡಿ. ಮೇಲೆ ಬಂದವನೇ ಮುರಿದ ಪ್ಯಾರಾಪೆಟ್ ಹತ್ತಿರ ಕೂತ. "ಶೀಟ್ ಒಳ್ಳೇದೇ ಹಾಕವ್ರೆ ಸಾ, ಕಟ್ಟಿರೋದು ಎಲ್ಲಿಗೆ ನೋಡಿ" ಅಂದ.

ಕಟ್ಟಿದ್ದು ಪ್ಯಾರಾಪೆಟ್ ಗೋಡೆಗೆ. ನಾಲ್ಕು ಇಂಚಿನ ಬ್ಲಾಕ್ ಗೋಡೆಯಲ್ಲಿ ತೂತು ಹೊಡೆದು ಪೈಪ್ ಇಳಿಸಿ ಸಿಮೆಂಟ್ ಮೆತ್ತಿದ್ದರು ಅಷ್ಟೇ. ಗಾಳಿ ಎತ್ತಿದಾಗ ಪೈಪ್ ಗೋಡೆಯನ್ನೂ ಕಿತ್ತುಕೊಂಡೇ ಹೋಯಿತು, ನಾನು ಕೇಳಿದ ಇಟ್ಟಿಗೆ ಸದ್ದು ಅದು. ಕೆರೆ ಕಡೆಗೆ ಇಳಿಜಾರು ಮೂರಡಿ ಮುಂದೆ ಚಾಚಿತ್ತು, ಮಳೆ ಎರಚಲು ಬರದಿರಲಿ ಅಂತ. ಗಾಳಿಗೆ ಮೊದಲು ಸಿಕ್ಕಿದ್ದೇ ಆ ಚಾಚು. ಕೆಳಗಿನಿಂದ ನೂಕು, ಮೇಲಿನಿಂದ ಸೆಳೆತ, ಕೊಡೆ ತಿರುವಿಕೊಂಡ ಹಾಗೆ ತಿರುವಿಕೊಂಡಿತು. ಸ್ಕ್ರೂಗಳ ಕೆಳಗಿನ ರಬ್ಬರ್ ವಾಷರ್ ಬಿಸಿಲಿಗೆ ಗಟ್ಟಿಯಾಗಿ ಪುಡಿಯಾಗಿತ್ತು. ಶೀಟಿನ ತೂತುಗಳು ಅಗಲವಾಗಿ ಹರಿದಿದ್ದವು, ಸ್ಕ್ರೂ ಮಾತ್ರ ಪೈಪಿನಲ್ಲಿ ಹಾಗೇ ನಿಂತಿತ್ತು. ಶೀಟ್ ನಿಜಕ್ಕೂ ಒಳ್ಳೆಯದೇ. ಒಳ್ಳೆಯ ಶೀಟೇ ಹೋಗಿ ಪಕ್ಕದವರ ಕಾರಿನ ಮೇಲೆ ಬಿದ್ದದ್ದು.

ರೇಟಿಗೆ ಬರುತ್ತೇನೆ. ಚದರಡಿಗೆ 185ಕ್ಕೆ ಮಾಡಿಕೊಡುತ್ತೇನೆ ಅಂದವರಿದ್ದರು, 210 ಅಂದವರಿದ್ದರು. ಇವನು 265 ಹೇಳಿದ. 600 ಚದರಡಿಗೆ ಒಂದು ಲಕ್ಷದ ಅರವತ್ತು ಸಾವಿರದ ಹತ್ತಿರ. 185ರವರಿಗೂ ಇವನಿಗೂ 48 ಸಾವಿರ ವ್ಯತ್ಯಾಸ. ಯಾಕಪ್ಪಾ ಅಂತ ಕೇಳಿದರೆ ಉಳಿದವರು "ಎಲ್ಲ ನಾವು ನೋಡ್ಕೋತೀವಿ ಸಾರ್" ಅಂದರು, ಇವನು ಒಂದು ಹಾಳೆಯಲ್ಲಿ ಬರೆದು ತೋರಿಸಿದ. ಅಕ್ಷರ ನನ್ನ ಮಗಳ ಒಂದನೇ ಕ್ಲಾಸಿನ ಅಕ್ಷರದಂತೆಯೇ ಇತ್ತು. ವಿಷಯ ಮಾತ್ರ ಪಕ್ಕಾ.

ಪ್ಯಾರಾಪೆಟ್ ಮುಟ್ಟುವುದಿಲ್ಲ. ಕೆಳಗೆ ಪಿಲ್ಲರ್ ಎಲ್ಲೆಲ್ಲಿ ಬರುತ್ತದೆ ನೋಡಿ, ಅದರ ನೇರಕ್ಕೆ ಟೆರೇಸಿನ ಆರ್‌ಸಿಸಿ ಮೇಲೆ ದಪ್ಪ ಬೇಸ್ ಪ್ಲೇಟ್, ಒಂದೊಂದಕ್ಕೆ ನಾಲ್ಕು 12 ಎಂಎಂ ಬೋಲ್ಟು. ತೂತಿನ ಧೂಳು ಊದಿ ತೆಗೆದು ಕೆಮಿಕಲ್ ಆ್ಯಂಕರ್ (ಬೋಲ್ಟನ್ನು ಕಾಂಕ್ರೀಟಿಗೆ ಹಿಡಿಸುವ ಗಟ್ಟಿ ಅಂಟು) ತುಂಬಿ ಕೂರಿಸುವುದು. ಧೂಳು ತೆಗೆಯದಿದ್ದರೆ ಕೆಮಿಕಲ್ ಧೂಳಿಗೇ ಅಂಟಿಕೊಳ್ಳುತ್ತದೆ, ಕಾಂಕ್ರೀಟಿಗಲ್ಲ, ಅದನ್ನು ನಿಂತು ನೋಡಿ ಸಾ ಅಂತ ಅವನೇ ಹೇಳಿದ. ಯಾವ ಕೆಲಸಗಾರ ತನ್ನ ಕೆಲಸವನ್ನು ನಿಂತು ನೋಡಿ ಅನ್ನುತ್ತಾನೆ ಹೇಳಿ? ಅಂಚಿನ ಪರ್ಲಿನ್‌ಗಳು, ಅಂದರೆ ಶೀಟ್ ಕೂರುವ ಅಡ್ಡ ಪೈಪುಗಳು, ಹತ್ತಿರ ಹತ್ತಿರ, ನಡುವಿನವು ಸ್ವಲ್ಪ ದೂರ. ಅಂಚಿನಲ್ಲಿ ಶೀಟಿನ ಪ್ರತಿ ಉಬ್ಬಿಗೂ ಒಂದು ಸ್ಕ್ರೂ, ಇಪಿಡಿಎಂ ಅನ್ನುವ, ಬಿಸಿಲು ತಡೆಯುವ ರಬ್ಬರಿನ ವಾಷರ್ ಇರುವಂಥದ್ದು. ಚಾಚು ಮೂರಡಿಯಿಂದ ಒಂದೂವರೆ ಅಡಿಗೆ ಇಳಿಸಿದ. ನಮ್ಮ ಮನೆಯಾಕೆ ಇದಕ್ಕೆ ಒಪ್ಪಲಿಲ್ಲ, ಎರಚಲು ಬಂದರೆ ಬಟ್ಟೆ ಏನು ಮಾಡಲಿ ಅಂತ ಜಗಳ. "ಅಕ್ಕ, ಬಟ್ಟೆ ಇನ್ನೊಂದ್ಸಲ ಒಣಗಾಕಬೋದು" ಅಂದ. ಅಲ್ಲಿಗೆ ಮಾತು ಮುಗಿಯಿತು.

ಶೀಟ್ ವಿಷಯ ಚುಟುಕಾಗಿ: ಒಳಗೆ ಉಕ್ಕು, ಮೇಲೆ ಅಲ್ಯೂಮಿನಿಯಂ ಮತ್ತು ಸತುವಿನ ಲೇಪ, ಅದರಲ್ಲಿ ಶೇ. 55 ಅಲ್ಯೂಮಿನಿಯಂ, ಅದರ ಮೇಲೆ ಬಣ್ಣ. ಅಂಗಡಿಯಲ್ಲಿ 0.5 ಎಂಎಂ ಅಂದರೆ ಲೇಪ, ಬಣ್ಣ ಎಲ್ಲ ಸೇರಿಸಿಯೋ ಅಥವಾ ಬರೀ ಉಕ್ಕೋ ಅಂತ ಕೇಳಿ. ಬಹಳ ಕಡೆ ಸೇರಿಸಿಯೇ ಹೇಳುತ್ತಾರೆ. ಒಳಗಿನ ಉಕ್ಕು ತೆಳುವಾದಷ್ಟೂ ಸ್ಕ್ರೂ ತೂತು ಬೇಗ ಹರಿಯುತ್ತದೆ.

ಕೆಲಸದ ಬಗ್ಗೆ ದೂರು ಇಲ್ಲದಿಲ್ಲ. ಹೇಳಿದ ದಿನಕ್ಕೆ ಬರುವ ಅಭ್ಯಾಸ ಈ ಮಹರಾಯನಿಗೆ ಇಲ್ಲ. ನಾಳೆ ಅಂದರೆ ಆ ವಾರದಲ್ಲಿ ಯಾವತ್ತಾದರೂ. ಫೋನ್ ಎತ್ತುತ್ತಾನೆ, ಅದು ದೊಡ್ಡ ಗುಣ. ವೆಲ್ಡಿಂಗ್ ಕಿಡಿ ಟೆರೇಸಿನ ಟೈಲ್ಸ್ ಮೇಲೆ ಬಿದ್ದು ಚುಕ್ಕಿ ಚುಕ್ಕಿ ಕಲೆಯಾಗಿದೆ, ಹೊದಿಸಲು ಹಳೆ ಗೋಣಿ ನಾವೇ ಕೊಡಬೇಕಿತ್ತಂತೆ. ವೆಲ್ಡ್ ಮಾಡಿದ ಜಾಗಕ್ಕೆ ರೆಡ್ ಆಕ್ಸೈಡ್ ಹೊಡೆಯದೆ ನೇರ ಪೇಂಟ್ ಹೊಡೆಯಲು ಹೊರಟಿದ್ದ ಅವನ ಹುಡುಗನನ್ನು ನಾವೇ ನಿಲ್ಲಿಸಿದೆವು. ಕೊರೆದ ಶೀಟಿನ ಚೂರುಗಳನ್ನು ಬೀದಿಯಲ್ಲೇ ಬಿಟ್ಟು ಹೋಗಿದ್ದರು. ಎದುರು ಮನೆ ಆಂಟಿ ಅದನ್ನೂ ನಮ್ಮ ಲೆಕ್ಕಕ್ಕೆ ಬರೆದಿದ್ದಾರೆ. ಮೊದಲೇ ಅವರ ಕಾಂಪೌಂಡ್ ಮೇಲೆ ನಮ್ಮ ಚಾವಣಿ ಬಿದ್ದಿತ್ತಲ್ಲ.

ಈಗ ಒಂದು ವರ್ಷ ಆದ ಮೇಲೆ ಹೇಗಿದೆ? ಗಾಳಿಗೆ ಅಲುಗಾಡುವುದಿಲ್ಲ. ಈ ಏಪ್ರಿಲ್‌ನಲ್ಲೂ ಒಂದು ಜೋರು ಗಾಳಿಮಳೆ ಬಂತು. ಮೇಲೆ ಹೋಗಿ ಕಂಬ ಮುಟ್ಟಿ ನೋಡಿದರೆ ಸಣ್ಣ ನಡುಕ ಇತ್ತು, ಸದ್ದು ಇರಲಿಲ್ಲ. ಹಳೆಯದು ಸಣ್ಣ ಗಾಳಿಗೂ ಕಿರುಗುಡುತ್ತಿತ್ತು. ಸೋರುವುದು ಒಂದು ಕಡೆ ಮಾತ್ರ, ಸ್ಕ್ರೂ ಓರೆಯಾಗಿ ಕೂತ ಜಾಗ. ಅದನ್ನು ಬದಲಾಯಿಸಿಕೊಟ್ಟ, ದುಡ್ಡು ತೆಗೆದುಕೊಳ್ಳಲಿಲ್ಲ.

ಮಳೆ ಸದ್ದು ಮಾತ್ರ ಘೋರ. ಮೇಲಿನ ರೂಮಿನಲ್ಲಿ ಜೋರು ಮಳೆ ಬಂದರೆ ಟಿವಿ ಕೇಳಿಸುವುದಿಲ್ಲ, ಫೋನಂತೂ ಬಿಡಿ. ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನ ಶೀಟಿನ ಕೆಳಗೆ ನಿಲ್ಲಲು ಆಗುವುದಿಲ್ಲ. ಹಪ್ಪಳ ಬಿಸಿಲಿಲ್ಲದೆಯೇ ಒಣಗುತ್ತದೆ ಅಂತ ನಮ್ಮಮ್ಮ ಖುಷಿಯಾಗಿದ್ದಾರೆ, ಅದನ್ನೂ ಲಾಭದ ಕಡೆ ಬರೆಯುತ್ತೇನೆ. ನಡುವೆ ಫೋಮ್ ಇರುವ ಪಫ್ ಪ್ಯಾನೆಲ್ ಹಾಕಿಸಿದರೆ ಸೆಕೆ, ಸದ್ದು ಎರಡೂ ಕಡಿಮೆ, ನಮಗೆ ಹೇಳಿದ ರೇಟು ಹೆಚ್ಚುಕಡಿಮೆ ಎರಡು ಪಟ್ಟು. ಬರೀ ಬಟ್ಟೆಗೆ, ಟ್ಯಾಂಕಿಗೆ ನೆರಳು ಬೇಕಿದ್ದರೆ ಅಷ್ಟು ಬೇಡ. ಬಣ್ಣ ಆರಿಸುವಾಗ ತಿಳಿ ಬಣ್ಣ ತೆಗೆದುಕೊಳ್ಳಿ. ನೀಲಿ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಗಾಢ ಬಣ್ಣ ಬಿಸಿ ಹಿಡಿಯುತ್ತದೆ.

ಹೆಂಚು ಹಾಕಿಸಬಾರದಿತ್ತಾ ಅಂತ ಕೇಳುವವರಿದ್ದಾರೆ. ಮಂಗಳೂರು ಹೆಂಚಿನ ಸಂದುಗಳಲ್ಲಿ ಗಾಳಿ ಸ್ವಲ್ಪ ನುಸುಳಿ ಹೋಗುತ್ತದೆ, ತೂಕವೂ ಇದೆ, ಹೋದರೆ ಅಲ್ಲೊಂದು ಇಲ್ಲೊಂದು ಹೋಗುತ್ತದೆ, ಇಡೀ ಚಾವಣಿ ಒಟ್ಟಿಗೆ ಎದ್ದು ಪಕ್ಕದವರ ಮನೆಗೆ ಹೋಗುವುದು ಕಡಿಮೆ. ಆದರೆ ಆ ತೂಕಕ್ಕೆ ಮರ ಅಥವಾ ಪೈಪಿನ ಖರ್ಚು ಬೇರೆ, ಮಂಗಗಳ ಕಾಟ ಬೇರೆ. ಸಿಮೆಂಟ್ ಶೀಟ್ ಬಗ್ಗೆ ಹೇಳುವುದೇ ಬೇಡ, ಆಲಿಕಲ್ಲಿಗೇ ಬಿರುಕು ಬಿಡುತ್ತದೆ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಕಾರಿನ ಕಥೆ. ನಮ್ಮ ಶೀಟ್ ಬಿದ್ದ ಕಾರಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾತ್ರ ಇತ್ತು, ಗಾಳಿ ಹಾನಿಗೆ ಅದರಲ್ಲಿ ಒಂದು ಪೈಸೆ ಬರುವುದಿಲ್ಲ. ನಮ್ಮ ಮನೆಗೋ ಏನೂ ಇರಲಿಲ್ಲ. ಕೊನೆಗೆ ರಿಪೇರಿ ಖರ್ಚನ್ನು ಅರ್ಧರ್ಧ ಹಂಚಿಕೊಂಡೆವು. ಆಮೇಲೆ ವಿಚಾರಿಸಿದರೆ 2021ರ ಏಪ್ರಿಲ್ 1ರಿಂದ ಭಾರತ್ ಗೃಹ ರಕ್ಷಾ ಅಂತ ಮನೆಗೆ ಒಂದೇ ಮಾದರಿಯ ಪಾಲಿಸಿ ಇದೆ, ಬೆಂಕಿ, ಪ್ರವಾಹ, ಬಿರುಗಾಳಿ ಜೊತೆ ಟಾರ್ನೆಡೋ ಅಂತ ಹೆಸರು ಹಿಡಿದೇ ಬರೆದಿದ್ದಾರೆ. ನಾವು ಈಗ ಮಾಡಿಸಿದ್ದೇವೆ. ಟೆರೇಸಿನ ಮೇಲಿನ ಶೀಟ್ ಚಾವಣಿಯನ್ನೂ ಮನೆಯ ಮೌಲ್ಯದಲ್ಲಿ ಸೇರಿಸಿ ಬರೆಸಿ. ನಿಮ್ಮದು ಹಾರಿ ಇನ್ನೊಬ್ಬರದು ಒಡೆದರೆ ಅದು ಬೇರೆ ವಿಷಯ, ಅದಕ್ಕೆ ಉತ್ತರ ಬೋಲ್ಟಿನಲ್ಲೇ ಇದೆ.

ಅಂಕ ಕೊಡಬೇಕೆಂದರೆ ಶೀಟಿಗೆ ಹತ್ತಕ್ಕೆ ಆರು, ಸದ್ದು ಸೆಕೆ ಎರಡೂ ಸೇರಿ. ಫಿಟ್ಟಿಂಗ್‌ಗೆ ಒಂಬತ್ತು. ಟೈಮಿಗೆ ಎರಡು, ಅದೂ ಫೋನ್ ಎತ್ತುತ್ತಾನೆ ಅಂತ. ಅಂಗಡಿಯ ಹೆಸರು ಇಲ್ಲಿ ಹಾಕುತ್ತಿಲ್ಲ, ಈಗಲೇ ಅವನು ಕೈಗೆ ಸಿಗುವುದಿಲ್ಲ, ಇನ್ನು ಎಲ್ಲರೂ ಫೋನ್ ಮಾಡಿದರೆ ನನ್ನ ಬಾಕಿ ಕೆಲಸ ದೇವರೇ ಗತಿ. ಬಾಕಿ ಇರುವುದು ಕೆರೆ ಕಡೆಯ ಗಟರ್. ಚಾವಣಿ ನೀರೆಲ್ಲ ಈಗ ನೇರ ಮೇಷ್ಟ್ರ ಕಾಂಪೌಂಡಿಗೆ ಸುರಿಯುತ್ತಿದೆ. ಹಬ್ಬ ಕಳೀಲಿ ಸಾ, ಬಂದು ಹಾಕ್ಬುಡ್ತೀನಿ ಅಂದಿದ್ದಾನೆ. ಯಾವ ಹಬ್ಬ ಅಂತ ಹೇಳಿಲ್ಲ.